ರಾಣಿಯ ಕಣ್ಣಿನ ಕೆಳಗಿನ ನೀಲಿ

ಫೆಬ್ರವರಿ ೩, ಸೋಮವಾರ

ನೆರೆದ ಮಹಾಜನರೇ, ಮುಂದಿನ ಸಾಲಿನ ಹಿರಿಯರೇ, ಹಿಂದಿನ ಬೆಂಚಿನ ಸಿಳ್ಳೆಗಾರರೇ, ಕಂಬದ ಮರೆಯಲ್ಲಿ ನಿಂತು ಟಿಕೆಟ್ಟಿಲ್ಲದೆ ನೋಡುತ್ತಿರುವ ಪುಣ್ಯವಂತರೇ, ಗದ್ದಲ ನಿಲ್ಲಿಸಿ. ಪರದೆ ಏಳುತ್ತಿದೆ.

ಈ ದಿನಚರಿಯನ್ನು ಬರೆಯುವವನೂ ನಾನೇ, ಓದುವವನೂ ನಾನೇ ಎಂಬುದು ಗೊತ್ತಿದೆ. ಆದರೆ ನಾಟಕ ಕಂಪನಿಯ ಪೆಟ್ಟಿಗೆಗಳ ನಡುವೆ ಹುಟ್ಟಿ, ಮೊದಲ ತೊದಲು ಮಾತನ್ನೇ ಕೊನೆಯ ಸಾಲಿಗೆ ಕೇಳುವಂತೆ ಆಡಿದವನಿಗೆ ಒಬ್ಬನೇ ಕೂತು ಗುನುಗುವುದು ಬರುವುದಿಲ್ಲ. ಎದುರಿಗೆ ಸಭೆ ಇದೆ ಎಂದುಕೊಂಡರೇ ನನಗೆ ಕೈ ಓಡುವುದು.

ಸಿಟ್ಟು ಬಂದಿದೆ, ಮಹಾಜನರೇ. ಯಾರ ಮೇಲೆ ಎಂದು ಸಾಲಾಗಿ ಹೇಳುತ್ತೇನೆ, ಕೇಳಿ.

ಮೊದಲನೆಯದು ಮಣ್ಣು ಮಾರುವವನ ಮೇಲೆ. ಇವತ್ತು ಪಿಂಗಾಣಿ ಸುಡುವ ಗೂಡಿನಿಂದ ರಾಣಿಯನ್ನು ಹೊರಗೆ ತೆಗೆದೆವು. ರಾಣಿ ಎಂದರೆ ನನ್ನ ತಂದೆಯ ಕಂಪನಿಯಲ್ಲಿ ವರ್ಷಾನುಗಟ್ಟಲೆ ರಾಣಿಯ ಪಾತ್ರ ಮಾಡಿದ ಅಕ್ಕ. ಅವಳ ಹೆಸರು ಊರಿಗೇ ಮರೆತುಹೋಗಿ ಪಾತ್ರ ಮಾತ್ರ ಉಳಿದಿದೆ. ಹಳೆಯ ರಂಗಮಂದಿರವನ್ನು ರಿಪೇರಿ ಮಾಡಿ ಮಾರ್ಚಿನಲ್ಲಿ ಮತ್ತೆ ತೆರೆಯುತ್ತಾರಂತೆ. ಬಾಗಿಲೊಳಗೆ ಕಾಲಿಟ್ಟ ಕೂಡಲೇ ಕಾಣುವಂತೆ ಗಾಜಿನ ಪೆಟ್ಟಿಗೆಯಲ್ಲಿ ಅವಳ ಪಿಂಗಾಣಿ ಗೊಂಬೆ ಇರಬೇಕಂತೆ. ನಾಟಕ ಮುಗಿದಿದೆ, ಅವಳು ಕುರ್ಚಿಗೆ ಒರಗಿ ಕೂತಿದ್ದಾಳೆ, ಕಿರೀಟ ತೊಡೆಯ ಮೇಲಿದೆ. ಮುಖ ಅವಳ ಇವತ್ತಿನ ಮುಖ, ಸುಕ್ಕು ಸಮೇತ. ಅದು ಅವಳದೇ ಹಟ. “ಹುಡುಗಿ ಮುಖ ಮಾಡಿದರೆ ಒಡೆದುಹಾಕ್ತೀನಿ” ಎಂದು ಎಚ್ಚರಿಸಿದ್ದಾಳೆ.

ಆ ಗೊಂಬೆ ಹೊಳಪಿನ ಲೇಪ ಹೊತ್ತು, ಸುಟ್ಟು, ಇವತ್ತು ಹೊರಬಂತು. ಹಾಲಿನಂತೆ ಇರಬೇಕಾದದ್ದು ಬೆಣ್ಣೆಯ ಬಣ್ಣಕ್ಕಿದೆ. ಮಣ್ಣಿನವನಿಗೆ ಫೋನು ಮಾಡಿ, ಇದೇನು ಪಿಂಗಾಣಿ ಮಣ್ಣೋ, ಗೋಡೆಗೆ ಮೆತ್ತುವ ಮಣ್ಣೋ ಎಂದು ಕೇಳಿದೆ. “ಅದೇ ಮೂಟೆ ಯಜಮಾನ್ರೇ, ಅದೇ ಗಣಿ, ಬೇರೆ ಯಾರೂ ಏನೂ ಹೇಳಿಲ್ಲ” ಎಂದ. ಬೇರೆಯವರಿಗೆ ಕಣ್ಣಿಲ್ಲದಿದ್ದರೆ ನಾನೇನು ಮಾಡಲಿ?

ಎರಡನೆಯದು ಕಂಪ್ಯೂಟರಮ್ಮನ ಮೇಲೆ. ಕಂಪ್ಯೂಟರಮ್ಮ ನನ್ನ ಸೊಸೆ. ಫೋನು ಹಿಡಿದುಕೊಂಡು ರಾಣಿಯಕ್ಕನ ಸುತ್ತ ಬೆಕ್ಕಿನ ಹಾಗೆ ಸುತ್ತಿ, ಅವಳನ್ನು ತೆರೆಯ ಮೇಲೆ ತಂದು ನಿಲ್ಲಿಸಿದವಳು ಅವಳು. ಬೆಂಕಿಯಲ್ಲಿ ಪಿಂಗಾಣಿ ಕುಗ್ಗುತ್ತದೆ ಎಂದು ಲೆಕ್ಕ ಹಾಕಿ, ಹಿಗ್ಗಿಸಿ, ಯಂತ್ರದಲ್ಲಿ ಎಳೆ ಎಳೆಯಾಗಿ ಪ್ಲಾಸ್ಟಿಕ್ಕಿನ ರಾಣಿಯನ್ನು ಮಾಡಿಸಿದಳು. ಅದರ ಮೇಲೆ ಮೇಣ ಬಳಿದು, ಅವಳ ಯಂತ್ರ ನುಣ್ಣಗೆ ನುಂಗಿಹಾಕಿದ ಸುಕ್ಕುಗಳನ್ನೆಲ್ಲ ಒಂದೊಂದಾಗಿ ಕೆತ್ತಿ ವಾಪಸ್ಸು ತಂದವನು ನಾನು. ಆಮೇಲೆ ಅಚ್ಚು, ಆಮೇಲೆ ಎರಕ. ಈಗ ಅವಳು ಹೇಳುತ್ತಾಳೆ, “ಮಾವ, ಬಿಳಿ ಚೆನ್ನಾಗೇ ಬಂದಿದೆ. ಮೀಟರ್ ಇಟ್ಟು ನೋಡಿದೆ.”

ಬಿಳಿ ನೋಡುವುದಕ್ಕೆ ಮೀಟರು. ನಾಳೆ ಹಸಿವಾಗಿದೆಯೋ ಇಲ್ಲವೋ ನೋಡುವುದಕ್ಕೂ ಒಂದು ತರುತ್ತಾಳೆ.

ಫೆಬ್ರವರಿ ೫

ಇವತ್ತು ಬಣ್ಣ ಶುರು. ಬಣ್ಣದ ಕೋಣೆಯೊಳಗೆ ನಾನು ಕೂತರೆ ಯಾರೂ ಬರಕೂಡದು. ನನ್ನ ತಂದೆ ಬಣ್ಣ ಹಚ್ಚಿಕೊಳ್ಳಲು ಕೂತಾಗಲೂ ಹಾಗೆಯೇ ಇತ್ತು.

ಪಿಂಗಾಣಿಯ ಬಣ್ಣ ಸುಡುವ ಮೊದಲು ಸುಳ್ಳು ಹೇಳುತ್ತದೆ. ಗುಲಾಬಿ ಮಂಕಾಗಿ ಕಾಣುತ್ತದೆ, ಕೆಂಪು ಇಟ್ಟಿಗೆ ಪುಡಿಯಂತಿರುತ್ತದೆ. ಬೆಂಕಿಗೆ ಹೋಗಿ ಬಂದ ಮೇಲೇ ಅವು ನಿಜ ಮುಖ ತೋರಿಸುವುದು. ಹಾಗಾಗಿ ಕಣ್ಣನ್ನು ನಂಬಿ ಬರೆಯುವವನು ಕೆಡುತ್ತಾನೆ, ನೆನಪನ್ನು ನಂಬಿ ಬರೆಯುವವನು ಗೆಲ್ಲುತ್ತಾನೆ. ನನ್ನ ಬಣ್ಣದ ಡಬ್ಬಿಗಳು ನಾನಿಟ್ಟ ಕ್ರಮದಲ್ಲೇ ಇರುತ್ತವೆ. ಕತ್ತಲೆಯಲ್ಲೂ ಕೈ ಸರಿಯಾದ ಡಬ್ಬಿಗೇ ಹೋಗುತ್ತದೆ. ಇದೆಲ್ಲ ತೆರೆಯ ಮೇಲೆ ಬೆರಳೊತ್ತಿ ಬಣ್ಣ ಬದಲಾಯಿಸುವವರಿಗೆ ಹೇಳಿದರೆ ಅರ್ಥವಾಗುತ್ತದೆಯೇ?

ಮುದಿ ಚರ್ಮದ ಗುಟ್ಟು ನೀಲಿಯಲ್ಲಿದೆ. ಕಣ್ಣಿನ ಕೆಳಗೆ, ಮೂಗಿನ ಪಕ್ಕದ ಗುಳಿಯಲ್ಲಿ, ಕುತ್ತಿಗೆಯ ನರದ ಮೇಲೆ, ನೀರಿಗಿಂತ ತುಸು ಗಟ್ಟಿಯಾದ ನೀಲಿಯ ಒಂದು ಪದರ. ಅದರ ಮೇಲೆ ಗುಲಾಬಿ. ನೀಲಿ ಇಲ್ಲದಿದ್ದರೆ ಮುಖ ಬೊಂಬೆ, ಇದ್ದರೆ ಮನುಷ್ಯ.

ನೀಲಿ ಕೂಡ ಕಳಪೆ ಬಂದಿದೆ. ಹಚ್ಚಿದ್ದೇ ಕಾಣುವುದಿಲ್ಲ. ಮತ್ತೊಂದು ಪದರ ಕೊಟ್ಟೆ. ಬಣ್ಣ ಮಾರುವವನೂ ಮಣ್ಣು ಮಾರುವವನೂ ಸೇರಿಕೊಂಡು ನನ್ನ ಮೇಲೆ ಸಂಚು ಮಾಡುತ್ತಿದ್ದಾರೆ.

ಫೆಬ್ರವರಿ ೬

ಬಣ್ಣದ ಕೋಣೆಯ ದೀಪ ಬದಲಾಯಿಸಿದ್ದು ಯಾರು ಎಂದು ಮನೆಯೆಲ್ಲ ಕೇಳಿದೆ. ಯಾರೂ ಬದಲಾಯಿಸಿಲ್ಲವಂತೆ. ಮಗ ಏಣಿ ಹತ್ತಿ ಹೊಸ ಬಲ್ಬು ಹಾಕಿದ. ಅದೂ ಮಂಕು. ಇನ್ನೂ ದೊಡ್ಡದು ಹಾಕು ಎಂದೆ. ಇದಕ್ಕಿಂತ ದೊಡ್ಡದು ಕ್ರಿಕೆಟ್ ಮೈದಾನದಲ್ಲಿ ಮಾತ್ರ ಹಾಕ್ತಾರೆ ಎಂದ.

ನನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಹಾಸ್ಯ ಪಾತ್ರವೇ ಯಾಕೆ ಒಲಿಯಿತೋ.

ಫೆಬ್ರವರಿ ೯

ಹೆಂಡತಿಯ ಜೊತೆ ಜಗಳ. ನನ್ನ ಬಿಳಿ ಅಂಗಿಗಳನ್ನೆಲ್ಲ ಯಾವುದೋ ಹಳೆ ಬಟ್ಟೆಯ ಜೊತೆ ನೆನೆಸಿ ಹಳದಿ ಮಾಡಿದ್ದಾಳೆ. ಕೇಳಿದರೆ ಅಂಗಿಯನ್ನು ಕಿಟಕಿಯ ಹತ್ತಿರ ಹಿಡಿದು, “ಇದಕ್ಕಿಂತ ಬೆಳ್ಳಗೆ ಬೇಕಂದ್ರೆ ಸುಣ್ಣ ಬಳೀಬೇಕು ಅಷ್ಟೇ” ಎಂದಳು. ನಾಟಕದ ಮನೆಗೆ ಸೊಸೆಯಾಗಿ ಬಂದಾಗ ಎರಡು ಮಾತಾಡಲು ನಾಚುತ್ತಿದ್ದವಳು. ಈಗ ನನಗೇ ಮಾತು ಮುಗಿಸಲು ಬಿಡುವುದಿಲ್ಲ.

ಸಂಜೆ ಅಂಗಡಿಯಿಂದ ಬರುವಾಗ ಎದುರಿಂದ ಬಂದ ಕಾರಿನವನು ದೀಪವನ್ನು ಕಣ್ಣಿಗೆ ಚುಚ್ಚುವ ಹಾಗೆ ಹಾಕಿದ್ದ. ನಿಲ್ಲಿಸಿ ಬೈದೆ. ದೀಪ ಹಾಕಿಯೇ ಇಲ್ಲ ಎಂದು ವಾದಿಸಿದ. ಲೋಕ ಕೆಟ್ಟಿದೆ.

ಫೆಬ್ರವರಿ ೧೨, ಬುಧವಾರ

ಕೇಳಿ, ಕೇಳಿ, ಕೂತವರು ಎದ್ದು ನಿಂತು ಕೇಳಿ. ಇಂಥ ದ್ರೋಹವನ್ನು ನಾನು ರಂಗದ ಮೇಲೂ ನೋಡಿಲ್ಲ. ಅಲ್ಲಿ ಖಳನಾಯಕ ಕನಿಷ್ಠ ಪಕ್ಷ ನಕ್ಕು ಹೋಗುತ್ತಾನೆ.

ಮಧ್ಯಾಹ್ನ ಊಟ ಮುಗಿಸಿ ಒಂದು ಗಳಿಗೆ ಮಲಗುವುದು ನನ್ನ ಅಭ್ಯಾಸ. ಇವತ್ತು ನಿದ್ದೆ ಹತ್ತಲಿಲ್ಲ. ಎದ್ದು ಬಣ್ಣದ ಕೋಣೆಗೆ ಹೋದೆ. ಕಂಪ್ಯೂಟರಮ್ಮ ನನ್ನ ಕುರ್ಚಿಯಲ್ಲಿ ಕೂತಿದ್ದಾಳೆ. ಕೈಯಲ್ಲಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಚೂರು. ರಾಣಿಯ ಕಣ್ಣಿನ ಕೆಳಗೆ ನಾನು ಬೆಳಿಗ್ಗೆ ಹಚ್ಚಿದ ಬಣ್ಣವನ್ನು ಒರೆಸುತ್ತಿದ್ದಾಳೆ.

ಒರೆಸುತ್ತಿದ್ದಾಳೆ.

“ಏನಿದು?” ಎಂದೆ. ನನ್ನ ದನಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

ಅವಳು ಎದ್ದು ನಿಂತಳು. ಬಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಡಲಿಲ್ಲ, ಅದೊಂದು ಧೈರ್ಯ ಅವಳಿಗಿದೆ. “ಮಾವ, ನೀಲಿ ಜಾಸ್ತಿಯಾಗಿದೆ” ಎಂದಳು.

“ಯಾರಿಗೆ ಜಾಸ್ತಿ?”

“ನೋಡೋರಿಗೆ.”

“ಇದೇ ಮೊದಲ ಸಲವಾ?”

ಬಟ್ಟೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಬಾಯಿ ಬಿಟ್ಟಳು. ಕಳೆದ ವರ್ಷದ ಗೊಂಬೆಗಳನ್ನೂ, ನರ್ತಕಿ, ಪಾರಿವಾಳದವಳು, ಹೊಲಿಗೆಯ ಮುದುಕಿ, ಎಲ್ಲವನ್ನೂ ಹೀಗೇ ಒರೆಸಿಯೇ ಗೂಡಿಗೆ ಕಳಿಸಿದ್ದಾಳಂತೆ. ಹೊಲಿಗೆಯ ಮುದುಕಿಗೆ ಎಷ್ಟು ಜನ ಹೊಗಳಿದ್ದರು. ಆ ಹೊಗಳಿಕೆಯನ್ನು ಎದೆ ಉಬ್ಬಿಸಿ ತೆಗೆದುಕೊಂಡವನು ನಾನು.

“ನನಗೆ ಹೇಳಬೇಕಾಗಿತ್ತು” ಎಂದೆ.

“ಹೇಳಿದ್ದೆ ಮಾವ. ಎಷ್ಟೋ ಸಲ ಹೇಳಿದೆ. ಒಂದ್ಸಲ ನೀವು ದೀಪಾನ ಬೈದ್ರಿ. ಇನ್ನೊಂದ್ಸಲ ನನ್ನ ಮೀಟರ್‌ನ ಬೈದ್ರಿ. ಆಮೇಲೆ ನಾನು ಹೇಳೋದು ಬಿಟ್ಟೆ.”

ಅವಳನ್ನು ಹೊರಗೆ ಕಳಿಸಿ ಬಾಗಿಲಿಗೆ ಬೀಗ ಹಾಕಿದೆ. ಕೀಲಿ ನನ್ನ ಜೇಬಿನಲ್ಲಿದೆ. ಇನ್ನು ಬಣ್ಣದ ಕೋಣೆಗೆ ನನ್ನ ನೆರಳೂ ನನ್ನನ್ನು ಕೇಳಿಯೇ ಬರಬೇಕು.

ಫೆಬ್ರವರಿ ೧೩

ಅವಳು ಒರೆಸಿದ್ದನ್ನೆಲ್ಲ ಮತ್ತೆ ಹಚ್ಚಿದೆ. ಹಟಕ್ಕೆ ಇನ್ನೊಂದು ಪದರ.

ಫೆಬ್ರವರಿ ೧೪

ಮನೆಯಲ್ಲಿ ಯಾರೂ ಮಾತಾಡುತ್ತಿಲ್ಲ. ಒಳ್ಳೆಯದಾಯಿತು. ನನ್ನ ಗಂಟಲಿಗೂ ವಿಶ್ರಾಂತಿ ಬೇಕಿತ್ತು.

ಫೆಬ್ರವರಿ ೧೭, ಸೋಮವಾರ

ಬಣ್ಣದ ಸುಡುವಿಕೆ ಮುಗಿಯಿತು. ಗೂಡು ಆರುವವರೆಗೂ ಮಗ ಮುಚ್ಚಳ ತೆಗೆಯಲು ಬಿಡಲಿಲ್ಲ. ಅವಸರ ಮಾಡಿದರೆ ಬಿರುಕು ಬಿಡುತ್ತದೆ ಎಂದು ನನಗೇ ಪಾಠ ಹೇಳಿದ. ಮುಚ್ಚಳ ತೆಗೆದೆವು. ರಾಣಿ ಕೂತಿದ್ದಾಳೆ. ನನ್ನ ರಾಣಿ, ಯಾರ ಬಟ್ಟೆಯೂ ಸೋಕದ ರಾಣಿ. ಅದ್ಭುತ.

ಮಗ ನೋಡಿದ. ಸೊಸೆಯನ್ನು ಕರೆದ. ಅವಳು ಬಂದು ನೋಡಿ ಒಳಗೆ ಹೋದಳು. ಮಾತಿಗೆ ಸಿಗಲಾರದಷ್ಟು ಚೆನ್ನಾಗಿದೆ ಎಂದು ನಾನು ಅರ್ಥ ಮಾಡಿಕೊಂಡೆ. ನಾಳೆ ರಾಣಿಯಕ್ಕನೂ ರಂಗಮಂದಿರದ ಕಾರ್ಯದರ್ಶಿಯೂ ನೋಡಲು ಬರುತ್ತಾರೆ.

ಫೆಬ್ರವರಿ ೧೮

ಬರೆಯಬಾರದು ಎಂದುಕೊಂಡೆ. ಆದರೆ ಬರೆಯದಿದ್ದರೆ ಈ ಸಿಟ್ಟನ್ನು ಎಲ್ಲಿ ಇಡಲಿ? ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆ ಸುಟ್ಟುಹೋಗುತ್ತದೆ.

ಕಾರ್ಯದರ್ಶಿ ಮೊದಲು ಬಂದ. ಇಸ್ತ್ರಿ ಮಾಡಿದ ಮನುಷ್ಯ, ಮಾತಿಗೂ ಇಸ್ತ್ರಿ. ಹಿಂದೆಯೇ ರಾಣಿಯಕ್ಕ ಕೋಲು ಊರಿಕೊಂಡು ಬಂದಳು. ನಾನು ಗೊಂಬೆಯ ಮೇಲೆ ಬಟ್ಟೆ ಮುಚ್ಚಿಟ್ಟಿದ್ದೆ. ಒಂದು ಕ್ಷಣ ತಡೆದು, ಸಭೆಯ ಉಸಿರು ನಿಲ್ಲಿಸಿ, ಬಟ್ಟೆ ಎಳೆದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ.

ರಾಣಿಯಕ್ಕ ಹತ್ತಿರ ಹೋದಳು. ಬಗ್ಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಎಷ್ಟೋ ಸಾವಿರ ಜನ ಕೇಳಿದ ಆ ದನಿಯಲ್ಲಿ, ತಣ್ಣಗೆ ಕೇಳಿದಳು:

“ತಮ್ಮಾ, ನನಗೆ ಹೊಡೆದಿದ್ದು ಯಾರು?”

ನನಗೆ ಅರ್ಥವಾಗಲಿಲ್ಲ.

“ಎರಡೂ ಕಣ್ಣಿಗೆ ಗುದ್ದಿದ್ದಾರಲ್ಲೋ. ಕುತ್ತಿಗೆ ಹಿಸುಕಿದ ಗುರುತೂ ಇದೆ. ನಾಟಕ ಮುಗಿದು ಕೂತ ರಾಣಿ ಅಂದೆ, ಇದು ಗಂಡನ ಮನೆಯಿಂದ ಓಡಿಬಂದು ಕೂತ ರಾಣಿ.”

ಕಾರ್ಯದರ್ಶಿ ಕೆಮ್ಮುವ ನೆಪದಲ್ಲಿ ನಕ್ಕ. ನಾನು ನೋಡಿದೆ, ನಕ್ಕೇ ನಕ್ಕ. “ಸಾರ್, ತಪ್ಪು ತಿಳಿಬೇಡಿ” ಎಂದ. ತಪ್ಪು ತಿಳಿಯುವಂಥದ್ದನ್ನೇ ಹೇಳುವವರು ಹೀಗೆ ಶುರು ಮಾಡುತ್ತಾರೆ. “ಶಿಲ್ಪ ಅದ್ಭುತವಾಗಿದೆ. ಮುಖದ ಬಣ್ಣ ಮಾತ್ರ... ಈಗೆಲ್ಲ ಪ್ರಿಂಟ್ ಮಾಡಿದ ಸ್ಟಿಕ್ಕರ್ ಬರುತ್ತಲ್ಲ, ಪಿಂಗಾಣಿ ಮೇಲೆ ಅಂಟಿಸಿ ಸುಡೋದು. ನಿಮ್ಮ ಸೊಸೆ ಹತ್ರ ಫೋಟೋ ಹೇಗೂ ಇದೆ. ಮುಖಕ್ಕೆ ಅದನ್ನೇ ಹಾಕಿಬಿಡಿ. ಹೆಚ್ಚು ಕಮ್ಮಿ ಅನ್ನೋ ಪ್ರಶ್ನೆನೇ ಬರಲ್ಲ.”

ರಾಣಿಯ ಮುಖಕ್ಕೆ ಸ್ಟಿಕ್ಕರು. ಸೋಪಿನ ಡಬ್ಬಿಗೆ ಅಂಟಿಸುತ್ತಾರಲ್ಲ, ಅದು. ನಾನು ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ, ಈ ಪುಸ್ತಕ ಮುಂದೆ ಮಕ್ಕಳ ಕೈಗೆ ಸಿಕ್ಕೀತು. ಅವನು ಬಾಗಿಲಲ್ಲಿ ನಿಂತು ಹೇಳಿದ್ದು ಮಾತ್ರ ಬರೆಯುತ್ತೇನೆ. “ಮಾರ್ಚ್ ಹತ್ತಕ್ಕೆ ಬಾಗಿಲು ತೆರೀತೀವಿ. ಆರಕ್ಕೆ ಗೊಂಬೆ ಕೈಗೆ ಬರಬೇಕು. ಸ್ಟಿಕ್ಕರ್ರೋ ಕುಂಚವೋ, ಮುಖ ಮುಖದ ಹಾಗಿರಲಿ. ಇಲ್ಲದಿದ್ದರೆ ಗಾಜಿನ ಪೆಟ್ಟಿಗೆಯಲ್ಲಿ ದೊಡ್ಡ ಫೋಟೋ ಇಡ್ತೀವಿ.”

ಇಷ್ಟು ವರ್ಷ ಮುಖ ಬರೆದವನಿಗೆ ಮುಖದ ಹಾಗಿರಲಿ ಎಂದು ಹೇಳಿ ಹೋದ.

ಫೆಬ್ರವರಿ ೨೦

ಕೋಣೆಯಿಂದ ಹೊರಗೆ ಬಂದಿಲ್ಲ.

ನಾವು ಯಾವ ಗೊಂಬೆಯನ್ನೂ ಒಂದೇ ಎರೆಯುವುದಿಲ್ಲ. ಒಂದು ಗೂಡಿನಲ್ಲಿ ಒಡೆದರೆ ಇನ್ನೊಂದು ಇರಲಿ ಎಂದು ಜೋಡಿ ಎರಕ. ಎರಡನೆಯ ರಾಣಿ ಬಣ್ಣವಿಲ್ಲದೆ ಕಪಾಟಿನಲ್ಲಿ ಕೂತಿದ್ದಾಳೆ. ಅವಳನ್ನು ಎದುರಿಗಿಟ್ಟುಕೊಂಡು ನೋಡಿದೆ. ಬೆಣ್ಣೆಯ ಬಣ್ಣ. ಹೊಡೆತ ತಿಂದ ರಾಣಿಯನ್ನು ಪಕ್ಕಕ್ಕಿಟ್ಟು ನೋಡಿದೆ. ಎಲ್ಲಿದೆ ಗುದ್ದು? ಎಲ್ಲಿದೆ? ತೆಳುವಾದ ನೆರಳಿದೆ, ಅಷ್ಟೇ. ಒಂದೋ ಊರಿಗೆಲ್ಲ ಹುಚ್ಚು ಹಿಡಿದಿದೆ, ಇಲ್ಲವೇ

ವಾಕ್ಯ ಮುಗಿಸುವುದಿಲ್ಲ.

ಫೆಬ್ರವರಿ ೨೨, ಶನಿವಾರ

ಕಾರ್ಯದರ್ಶಿ ನನ್ನನ್ನು ದಾಟಿ ಸೊಸೆಗೇ ಫೋನು ಮಾಡಿದ್ದಾನೆ. ಅವಳು ಸ್ಟಿಕ್ಕರು ಮಾಡಿಸಿಯೂ ತಂದಿದ್ದಾಳೆ. ಕೆಲಸದ ಕೋಣೆಯ ಮೇಜಿನ ಮೇಲೆ ರಾಣಿಯಕ್ಕನ ಮುಖ ಹಾಳೆಯ ಮೇಲೆ ಚಪ್ಪಟೆಯಾಗಿ ಮಲಗಿದ್ದನ್ನು ಕಂಡೆ. ನನ್ನ ರಕ್ತ ನೆತ್ತಿಗೇರಿತು. ಬಾಗಿಲಲ್ಲೇ ನಿಂತೆ. ಅವಳಿಗೆ ನಾನು ಕಂಡಿರಲಿಲ್ಲ.

ಹಿಂದಿನ ಎರಕದಲ್ಲಿ, ಸುಡುವಾಗ ಕುತ್ತಿಗೆ ಸೀಳಿದ ರಾಣಿಯ ಬಿಳಿ ತಲೆಯೊಂದಿತ್ತು, ಅದರ ಮೇಲೆ ಪ್ರಯೋಗ. ಸ್ಟಿಕ್ಕರನ್ನು ನೀರಿನಲ್ಲಿ ನೆನೆಸಿ, ಜಾರಿಸಿ, ಮುಖದ ಮೇಲೆ ಕೂರಿಸಿದಳು. ಹಣೆಯ ಮೇಲೆ ಕೂತಿತು. ಕೆನ್ನೆಯ ಮೇಲೂ ಕೂತಿತು. ಮೂಗಿನ ಪಕ್ಕಕ್ಕೆ ಬಂದಾಗ ನೆರಿಗೆ ಬಿತ್ತು. ಕಣ್ಣಿನ ಕೆಳಗೆ, ನಾನು ಕೆತ್ತಿದ ಸುಕ್ಕುಗಳ ಮೇಲೆ, ಅದು ಸೇತುವೆಯ ಹಾಗೆ ನಿಂತುಬಿಟ್ಟಿತು, ಒಳಗೆ ಇಳಿಯಲೇ ಇಲ್ಲ. ಕತ್ತರಿಸಿದಳು, ಒತ್ತಿದಳು, ರಬ್ಬರಿನಿಂದ ತೀಡಿದಳು. ಆಗಲಿಲ್ಲ. ಆಗ ಇಡೀ ಮುಖವನ್ನು ಒಂದೇ ಸಲಕ್ಕೆ ಸುಲಿದು ನೀರಿಗೆ ಹಾಕಿ ಫೋನು ತೆಗೆದಳು.

“ಇಲ್ಲ ಸಾರ್, ಸ್ಟಿಕ್ಕರ್ ಹಾಕಲ್ಲ. ಸುಕ್ಕಿನೊಳಗೆ ಇಳಿಯಲ್ಲ ಅದು. ಗಾಳಿ ಉಳಿದರೆ ಸುಟ್ಟ ಮೇಲೆ ಗುಳ್ಳೆ ಏಳುತ್ತೆ. ಸುಕ್ಕು ತೆಗೆದು ನುಣ್ಣಗೆ ಮಾಡಿ ಅಂತೀರಾ? ಅದು ನಮ್ಮ ಮಾವ ವಾರಗಟ್ಟಲೆ ಕೆತ್ತಿದ್ದು ಸಾರ್. ತೆಗೆಯಲ್ಲ. ಹ್ಞಾಂ, ಕೈಯಲ್ಲೇ ಬರೀತೀವಿ.”

ಆ ಕಡೆಯಿಂದ ಅವನು ಏನೋ ಬೊಗಳಿರಬೇಕು. ಅವಳ ಕಿವಿ ಕೆಂಪಾಯಿತು. ನಾನು ಹೋಗಿ ಅವಳ ಕೈಯಿಂದ ಫೋನು ಕಿತ್ತುಕೊಂಡೆ.

“ಕೇಳಿಲ್ಲಿ. ನನ್ನ ಸೊಸೆ ಇಲ್ಲ ಅಂದರೆ ಇಲ್ಲ. ಅವಳು ಈ ಮನೆಯ ಹೆಣ್ಣುಮಗಳು, ನಿನ್ನ ಆಫೀಸಿನ ಟೈಪಿಸ್ಟ್ ಅಲ್ಲ. ಇನ್ನೊಂದು ಸಲ ದನಿ ಏರಿಸಿದರೆ ನಿನ್ನ ರಂಗಮಂದಿರಕ್ಕೇ ಬಂದು, ಮೈಕಿಲ್ಲದೆ, ಬೀದಿಗೆಲ್ಲ ಕೇಳುವ ಹಾಗೆ ನಿನ್ನ ಗುಣಗಾನ ಮಾಡ್ತೀನಿ.”

ಫೋನು ಇಟ್ಟೆ. ಅವಳು ನನ್ನನ್ನೇ ನೋಡುತ್ತಿದ್ದಳು. “ಏನು ನೋಡ್ತೀಯಾ? ಬಣ್ಣ ಒರೆಸಿದ ಸಿಟ್ಟು ಇನ್ನೂ ಹೋಗಿಲ್ಲ ನನಗೆ” ಎಂದು ಗದರಿ ಹೊರಟೆ. ಇದನ್ನು ಸ್ಪಷ್ಟವಾಗಿ ದಾಖಲಿಸುತ್ತಿದ್ದೇನೆ: ಹೋಗಿಲ್ಲ.

ಫೆಬ್ರವರಿ ೨೪

ರಾಣಿಯಕ್ಕ ತಾನಾಗಿಯೇ ಬಂದಳು. ಆಟೋದವನ ಜೊತೆ ಜಗಳವಾಡಿಕೊಂಡೇ ಒಳಗೆ ಬಂದಳು. ಮನೆಯವರು ಯಾರಾದರೂ ಕರೆಸಿರಬೇಕು. ನನಗೆ ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ.

ನನ್ನ ಎದುರಿಗೆ ಕೂತು, ಎರಡನೆಯ ಬಿಳಿ ರಾಣಿಯನ್ನು ಕಿಟಕಿಯ ಹತ್ತಿರ ಇಡಲು ಹೇಳಿದಳು.

“ಬಲಗಣ್ಣು ಮುಚ್ಚು.”

“ನಾನೇನು ಶಾಲೆ ಹುಡುಗನಾ?”

“ಮುಚ್ಚೋ ಅಂದ್ರೆ ಮುಚ್ಚು. ನಿನ್ನ ಮೂಗು ಒರೆಸಿ ರಂಗಕ್ಕೆ ಬಿಟ್ಟವಳು ನಾನು.”

ಮುಚ್ಚಿದೆ.

“ಈಗ ಎಡಗಣ್ಣು ಮುಚ್ಚಿ ಬಲದಲ್ಲಿ ನೋಡು. ಎರಡೂ ಒಂದೇ ಬಣ್ಣವಾ?”

ಮಹಾಜನರೇ, ಎರಡೂ ಒಂದೇ ಬಣ್ಣವಲ್ಲ. ಬಲಗಣ್ಣಿಗೆ ಅವಳು ಬೆಣ್ಣೆ. ಎಡಗಣ್ಣಿಗೆ ಚಹಾ. ಒಂದೇ ಗೊಂಬೆ, ಒಂದೇ ಕಿಟಕಿ, ಒಂದೇ ಸೂರ್ಯ. ನಾನು ಮುಚ್ಚಿದೆ, ತೆರೆದೆ, ಮುಚ್ಚಿದೆ. ಎಷ್ಟು ಹೊತ್ತು ಹಾಗೆ ಮಾಡಿದೆನೋ. ಕೊನೆಗೆ ಅವಳೇ ನನ್ನ ಕೈ ಹಿಡಿದು ಕೆಳಗಿಳಿಸಿದಳು.

“ನನಗೂ ಹೀಗೇ ಆಗಿತ್ತು. ಒಂದು ಕಣ್ಣಿನ ಪೊರೆ ತೆಗೆಸಿದ ಮಾರನೇ ದಿನ ಮನೆಗೆ ಬಂದು ನೋಡ್ತೀನಿ, ಗೋಡೆ ಬೆಳ್ಳಗಿದೆ. ಯಾವಾಗ ಸುಣ್ಣ ಹೊಡೆಸಿದ್ರಿ ಅಂತ ಕೇಳಿದೆ. ಎಲ್ರೂ ನಕ್ಕರು. ನಿನಗೆ ನೀಲಿ ಕಾಣಲ್ಲ ತಮ್ಮಾ. ಕಾಣಲ್ಲ ಅಂತ ಹಚ್ತಾ ಹೋಗ್ತೀಯ.”

“ಸುಳ್ಳು” ಎಂದೆ. ಅವಳು ವಾದಿಸಲಿಲ್ಲ. ನನ್ನ ಹೆಂಡತಿ ತಂದ ನೀರು ಕುಡಿದು ಹೋದಳು. ಅವಳ ಮೇಲೂ ಸಿಟ್ಟಿದೆ. ವಾದಿಸಬಹುದಿತ್ತಲ್ಲ, ನಾನು ಗೆಲ್ಲುತ್ತಿದ್ದೆನೋ ಏನೋ.

ಫೆಬ್ರವರಿ ೨೬, ಬುಧವಾರ

ಕಣ್ಣಿನ ಡಾಕ್ಟರು ಚಿಕ್ಕ ಹುಡುಗಿ. ನನ್ನ ಗಲ್ಲವನ್ನು ಒಂದು ಯಂತ್ರದ ಮೇಲೆ ಇಡಿಸಿ ಬೆಳಕು ಬಿಟ್ಟು ನೋಡಿ, “ಎರಡೂ ಕಡೆ ಪೊರೆ ಚೆನ್ನಾಗಿ ಬೆಳೆದಿದೆ ಅಂಕಲ್. ಈ ವಯಸ್ಸಿಗೆ ಸಾಮಾನ್ಯ” ಎಂದಳು.

ಸಾಮಾನ್ಯ. ನನ್ನ ಜೀವನದ ಮೂರನೆಯ ಅಂಕದಲ್ಲಿ ಸಿಡಿಲು ಬಿದ್ದಿದೆ, ಅವಳಿಗೆ ಅದು ಸಾಮಾನ್ಯ. ಹೊರಗಿನ ಬೆಂಚಿನಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಅದೇ ಅಂತೆ. ಅವರಲ್ಲಿ ಒಬ್ಬನೂ ಎದೆ ಬಡಿದುಕೊಳ್ಳುತ್ತಿರಲಿಲ್ಲ. ಒಬ್ಬ ಕಡಲೆ ತಿನ್ನುತ್ತಿದ್ದ.

ಆಪರೇಷನ್ನಿಗೆ ಸಿಕ್ಕ ದಿನ ಮಾರ್ಚ್ ಇಪ್ಪತ್ತು. ಅದಕ್ಕೆ ಮುಂಚೆ ಇಲ್ಲವಂತೆ. ಗೊಂಬೆ ಕೊಡಬೇಕಾದ್ದು ಆರಕ್ಕೆ.

ಬರುವಾಗ ಸೊಸೆ ಗಾಡಿ ಓಡಿಸಿದಳು, ನಾನು ಹಿಂದೆ ಕೂತಿದ್ದೆ. “ಮೊದಲೇ ಹೇಳಿದ್ದೆನಲ್ಲ” ಎಂದು ಅವಳು ಅನ್ನಲಿಲ್ಲ. ಎಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಆ ಹಗುರವನ್ನೂ ನನಗೆ ಕೊಡಲಿಲ್ಲ.

ಫೆಬ್ರವರಿ ೨೮

ಡಬ್ಬಿಗಳ ಜಾಗ ಕೈಗೆ ಗೊತ್ತು. ಬೆರಳಿಗೆ ಗೆರೆ ಗೊತ್ತು. ಹಾಗಿದ್ದ ಮೇಲೆ ಕಣ್ಣಿನ ಹಂಗೇಕೆ ಎಂದು ಎರಡನೆಯ ರಾಣಿಯನ್ನು ಮುಂದಿಟ್ಟುಕೊಂಡು ಕೂತೆ. ಹುಬ್ಬು ಬರೆದೆ. ರೆಪ್ಪೆ ಬರೆದೆ. ಕುಂಚ ಕೂದಲಿನಷ್ಟೂ ಅಲುಗಲಿಲ್ಲ, ಇದನ್ನು ಯಾರು ಬೇಕಾದರೂ ಬಂದು ನೋಡಲಿ. ತುಟಿಯ ಗೆರೆಯೂ ಆಯಿತು. ಆಮೇಲೆ ನೀಲಿ. ಕುಂಚವನ್ನು ಅದ್ದಿದೆ, ಕಣ್ಣಿನ ಕೆಳಗೆ ಎಳೆದೆ.

ಎಷ್ಟು ಬಿತ್ತು? ತೆಳುವೋ, ದಪ್ಪವೋ? ಒಂದು ಕಣ್ಣು ಬೆಣ್ಣೆ ಎನ್ನುತ್ತದೆ, ಇನ್ನೊಂದು ಚಹಾ ಎನ್ನುತ್ತದೆ. ನೀಲಿ ಎನ್ನುವವರು ಒಬ್ಬರೂ ಇಲ್ಲ.

ಒರೆಸಿದೆ. ಮತ್ತೆ ಎಳೆದೆ. ಮತ್ತೆ ಒರೆಸಿದೆ. ಮಧ್ಯಾಹ್ನದವರೆಗೂ ಅದೇ. ಕೊನೆಗೆ ಕುಂಚವನ್ನು ಗೋಡೆಗೆ ಎಸೆದೆ. ಗೋಡೆಯ ಮೇಲೆ ಬಿದ್ದ ಕಲೆಯ ಬಣ್ಣ ಯಾವುದು ಎಂದು ಹೆಂಡತಿಯನ್ನು ಕರೆದು ಕೇಳಿದೆ.

“ನೀಲಿ ಕಣ್ರೀ. ಕಡು ನೀಲಿ” ಎಂದಳು. ಬೈಯಲಿಲ್ಲ. ಒದ್ದೆ ಬಟ್ಟೆ ತಂದು ಒರೆಸತೊಡಗಿದಳು. ಒಂದು ಮಾತಿಗೆ ನಲವತ್ತು ಮಾತಾಡುವ ಹೆಂಗಸು ಸುಮ್ಮನೆ ಗೋಡೆ ಒರೆಸುವುದನ್ನು ನೋಡಲಾಗದೆ ಹೊರಗೆ ಹೋಗಿ ನಿಂತೆ.

ಮಾರ್ಚ್ ೨, ಭಾನುವಾರ

ಇವತ್ತು ನಡೆದದ್ದನ್ನು ಮಾತಿಗೆ ಮಾತು ಬರೆಯುತ್ತೇನೆ. ನಾಳೆ ಸೊಸೆ “ನಾನು ಹಾಗೆ ಹೇಳಿಯೇ ಇಲ್ಲ, ಹೀಗೆ ಹೇಳಿದೆ” ಎಂದು ತಿರುಚಬಾರದು.

ಅವಳು ಕೆಲಸದ ಕೋಣೆಯಲ್ಲಿದ್ದಳು. ತೆರೆಯ ಮೇಲೆ ಯಾವುದೋ ಮೀನುಗಾರನ ಬಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನಾನು ಹೋಗಿ ಎರಡನೆಯ ರಾಣಿಯನ್ನು ಅವಳ ಮೇಜಿನ ಮೇಲೆ ಇಟ್ಟೆ.

“ನೀಲಿ ನೀನು ಹಚ್ಚು” ಎಂದೆ.

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. “ನನ್ ಕೈಲಿ ಆಗಲ್ಲ ಮಾವ. ಒರೆಸೋದು ಬೇರೆ, ಹಚ್ಚೋದು ಬೇರೆ. ನನಗೆ ಜಾಸ್ತಿ ಆಗಿರೋದು ಕಾಣುತ್ತೆ, ಎಲ್ಲಿ ಹಾಕಬೇಕು ಅನ್ನೋದು ಗೊತ್ತಾಗಲ್ಲ. ಸ್ಕ್ರೀನ್ ಮೇಲಾದ್ರೆ ತಪ್ಪಾದ ತಕ್ಷಣ ವಾಪಸ್ ಹೋಗಬಹುದು.”

“ಇಲ್ಲೂ ಹೋಗಬಹುದು. ಗೂಡಿಗೆ ಹಾಕೋವರೆಗೂ ಎಣ್ಣೆ ಬಟ್ಟೆಯಲ್ಲಿ ಒರೆಸಬಹುದು. ಆ ವಿದ್ಯೆ ನಿನಗೆ ಯಾರೂ ಕಲಿಸಬೇಕಾಗಿಲ್ಲವಲ್ಲ.”

ಚುಚ್ಚಿದ್ದು ಅವಳಿಗೆ ತಾಗಿತು. ತುಟಿ ಬಿಗಿ ಹಿಡಿದಳು. ಆಮೇಲೆ ಮೂಗಿನಲ್ಲೇ ನಕ್ಕಳು. ನಾನು ನಗಲಿಲ್ಲ.

“ಎಲ್ಲಿ ಹಾಕಬೇಕು ಅಂತ ನಾನು ಹೇಳ್ತೀನಿ” ಎಂದೆ.

“ನಿಮಗೆ ಕಾಣಲ್ಲವಲ್ಲ ಮಾವ.”

“ಬಣ್ಣ ಕಾಣಲ್ಲ. ಅವಳ ಮುಖ ಗೊತ್ತು. ಎಡಗಣ್ಣಿನ ಕೆಳಗೆ ನೆರಳು ಬಲಗಣ್ಣಿಗಿಂತ ಒಂದು ಅಕ್ಕಿಕಾಳಿನಷ್ಟು ಕೆಳಗಿಳಿದಿದೆ. ಅವಳು ಆ ಮಗ್ಗುಲಿಗೇ ಮಲಗೋದು. ಗಂಟಲಿನ ನರ ಉಬ್ಬಿರೋದು ಬಲಗಡೆ. ಏರಿಸಿ ಹಾಡ್ತಿದ್ದಾಗ ತಲೆಯನ್ನ ಎಡಕ್ಕೆ ಓಲಿಸ್ತಿದ್ಲು. ಎಲ್ಲರಿಗೂ ಹಾಕೋ ಹಾಗೆ ಇವಳ ಮೂಗಿನ ಪಕ್ಕದ ಗುಳಿಯಲ್ಲಿ ನೀಲಿ ಬೇಡ, ತುಸು ಹಸಿರು. ಅಲ್ಲಿ ಇಷ್ಟು ವರ್ಷ ವೇಷದ ಅಂಟು ಬಣ್ಣ ಹಚ್ಚಿ ಹಚ್ಚಿ ಚರ್ಮ ತೆಳ್ಳಗಾಗಿದೆ. ಇದನ್ನ ನಿನ್ನ ಫೋನು ಸುತ್ತು ಹೊಡೆದಾಗ ಕಂಡುಹಿಡೀತಾ?”

“ಇಲ್ಲ.”

“ಮತ್ತೆ?”

ಅವಳು ರಾಣಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಎಷ್ಟೋ ಹೊತ್ತು ತಿರುಗಿಸಿ ನೋಡಿದಳು. “ಹುಬ್ಬು ಎಷ್ಟು ಚೆನ್ನಾಗಿದೆ ಮಾವ” ಎಂದಳು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದಲ್ಲ. ಅವಳಿಗೆ ಹಾಗೆ ಮಾತಲ್ಲಿ ಮೆಚ್ಚಿಸುವ ಕಲೆ ಬರುವುದಿಲ್ಲ. ಬಂದಿದ್ದರೆ ಈ ಮನೆಯಲ್ಲಿ ಇಷ್ಟು ಜಗಳವೇ ಆಗುತ್ತಿರಲಿಲ್ಲ.

“ಜೋರು ಮಾಡಬಾರದು ನೀವು” ಎಂದಳು. “ಜೋರು ಮಾಡಿದ್ರೆ ನನ್ನ ಕೈ ನಡುಗುತ್ತೆ.”

“ನನ್ನ ದನಿಯೇ ಇಷ್ಟು.”

“ಹಾಗಾದ್ರೆ ದೂರ ನಿಂತ್ಕೊಳ್ಳಿ.”

ನನ್ನ ಬಣ್ಣದ ಕೋಣೆಯಲ್ಲಿ ನಾನು ಎಲ್ಲಿ ನಿಲ್ಲಬೇಕು ಎಂದು ಅವಳು ಹೇಳುತ್ತಾಳೆ. ಒಪ್ಪಿಕೊಂಡೆನೇ? ಒಪ್ಪಿಕೊಳ್ಳಲಿಲ್ಲ. ಬಾಗಿಲ ಹತ್ತಿರ ಗಾಳಿ ಚೆನ್ನಾಗಿ ಬರುತ್ತದೆ, ಅಲ್ಲಿ ನಿಲ್ಲುತ್ತೇನೆ ಎಂದೆ, ಅಷ್ಟೇ.

ಕಾರ್ಯದರ್ಶಿಯ ಮೇಲಿನ ಸಿಟ್ಟು ಹಾಗೆಯೇ ಇದೆ. ಮಾರ್ಚ್ ಇಪ್ಪತ್ತಕ್ಕೆ ಮುಂಚೆ ದಿನ ಕೊಡದ ಆಸ್ಪತ್ರೆಯ ಮೇಲಿದೆ. ಕಡಲೆ ತಿನ್ನುತ್ತಿದ್ದವನ ಮೇಲಿದೆ. ಕನ್ನಡಿಯಲ್ಲಿ ಹಳದಿಯಾಗಿ ಕಾಣುವ ಈ ಮುದುಕನ ಮೇಲೆ ಎಲ್ಲಕ್ಕಿಂತ ಹೆಚ್ಚಿದೆ. ಇದನ್ನೆಲ್ಲ ಹೊತ್ತುಕೊಂಡೇ ನಾಳೆ ಬೆಳಿಗ್ಗೆ ಏಳುತ್ತೇನೆ. ಕಿಟಕಿಯ ಪರದೆಗಳನ್ನೆಲ್ಲ ಕಿತ್ತುಹಾಕಿಸುತ್ತೇನೆ, ಅವಳ ಕಣ್ಣಿಗೆ ಎಷ್ಟು ಬೇಕೋ ಅಷ್ಟು ಬೆಳಕು ಬರಲಿ. ನನ್ನ ಕುರ್ಚಿಯನ್ನು ಅವಳ ಎತ್ತರಕ್ಕೆ ಇಳಿಸುತ್ತೇನೆ. ಕುಂಚಗಳಲ್ಲಿ ಅತಿ ಸಣ್ಣದನ್ನು, ನನ್ನ ಹೆಂಡತಿಗೂ ಮುಟ್ಟಲು ಬಿಡದ ಆ ಒಂದನ್ನು, ನೀರಿನಲ್ಲಿ ತೊಳೆದು ಮೊನೆ ಮಾಡಿ ಅವಳ ಬಲಗಡೆ ಇಡುತ್ತೇನೆ. ಆಮೇಲೆ ಬಾಗಿಲಲ್ಲಿ ನಿಂತು, ಕಣ್ಣು ಎರಡನ್ನೂ ಮುಚ್ಚಿಕೊಂಡು, ರಾಣಿಯಕ್ಕನ ಮುಖವನ್ನು ಹಣೆಯಿಂದ ಗಂಟಲಿನವರೆಗೆ ಹೇಳುತ್ತೇನೆ. ಮೊದಲ ಗೆರೆ ತಪ್ಪಿದರೆ ಬೈಯುತ್ತೇನೆ. ತಪ್ಪದಿದ್ದರೆ, ಯಾಕೆ ಇಷ್ಟು ನಿಧಾನ ಎಂದು ಬೈಯುತ್ತೇನೆ. ಎಂಟಕ್ಕೆ ಶುರು ಎಂದಿದ್ದೇನೆ. ನಾನು ಏಳೂವರೆಗೇ ಹೋಗಿ ನಿಂತಿರುತ್ತೇನೆ.